ಮಡಿ ಮನೆಯ ಲೇಹ್ಯ

"ಗಾಂಜಾ ಗೀಂಜಾ ಅಭ್ಯಾಸ ಏನಾದ್ರೂ ಇದೆಯಾ?" ಅಂತ ಡಾಕ್ಟರು ಕೇಳಿದ್ದೇ ತಡ, ನಾರಾಯಣಾಚಾರ್ಯರು ಕುರ್ಚಿ ಬಿಟ್ಟು ಎದ್ದು ನಿಂತರು.

"ಮೂರು ತಲೆಮಾರಿಂದ ನಮ್ಮ ಮನೆ ಹೊಸಿಲು ಈರುಳ್ಳೀನೇ ದಾಟಿಲ್ಲ ಡಾಕ್ಟ್ರೇ. ಯಾರ ಮನೆ ಹುಡುಗನ ಬಗ್ಗೆ ಏನು ಕೇಳ್ತಾ ಇದ್ದೀರಿ?"

ಡಾಕ್ಟರ್ ಅಂಬ್ರೀನ್ ಕೋಲಾರದಲ್ಲಿ ಮನೋವೈದ್ಯೆ. ಇಂಥ ಅಪ್ಪಂದಿರು ಅವರಿಗೆ ಹೊಸಬರಲ್ಲ. "ಕೇಳೋದು ನನ್ನ ಕೆಲಸ ಸ್ವಾಮಿ. ಮಾತ್ರೆ ಶುರು ಮಾಡಿ ಇಷ್ಟು ಕಾಲ ಆಯ್ತು, ಕಿವೀಲಿ ಕೇಳೋ ಮಾತು ಕಮ್ಮಿ ಆಗಬೇಕಿತ್ತು. ಆಗ್ತಿಲ್ಲ. ಒಂದೋ ಮಾತ್ರೆ ತಗೊಳ್ತಿಲ್ಲ, ಇಲ್ಲಾ ಇನ್ನೇನೋ ಹೊಟ್ಟೆಗೆ ಹೋಗ್ತಿದೆ."

"ಅಪ್ಪ ವಿಷ ಹಾಕ್ತಾರೆ," ಅಂದ ಶ್ರೀಕೃಷ್ಣ, ನೆಲ ನೋಡುತ್ತಾ.

ಯಾರೂ ಆ ಮಾತಿಗೆ ಕಿವಿಗೊಡಲಿಲ್ಲ. ಎರಡು ವರ್ಷದಿಂದ ಅವನು ಅದನ್ನೇ ಹೇಳುತ್ತಿದ್ದ. ಸ್ಕಿಜೋಫ್ರೇನಿಯಾ ಅಂದರೆ ಹೀಗೇ, ಹತ್ತಿರದವರ ಮೇಲೇ ಅನುಮಾನ ಬರುತ್ತೆ ಅಂತ ಮನೆಯವರಿಗೆಲ್ಲ ಪಾಠ ಆಗಿತ್ತು. ಅಕ್ಕ ಸೌಪರ್ಣಿಕಾಳೂ ಹಾಗೇ ನಂಬಿದ್ದಳು. ಅವಳು ಮಾಲೂರಿನ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು, ಅಲ್ಲೇ ರೂಮು ಮಾಡಿಕೊಂಡಿದ್ದು ರಜೆ ಸಿಕ್ಕಾಗ ಮುಳಬಾಗಿಲಿನ ಮನೆಗೆ ಬಂದು ಹೋಗುವವಳು. ಪ್ರತಿ ಸಲ ಬಂದಾಗಲೂ ತಮ್ಮ ಇನ್ನೊಂದಿಷ್ಟು ದೂರ ಹೋಗಿರುತ್ತಿದ್ದ. ಈ ಸಲ ರಜೆ ಹಾಕಿ ಬಂದಿದ್ದಳು, ಇವನನ್ನು ವಾಪಸು ಕರೆತರುವ ದಾರಿ ಇದೆಯೋ ಇಲ್ಲವೋ ನೋಡಿಯೇ ಹೋಗುತ್ತೇನೆ ಅಂತ.

ಕೋಲಾರದಿಂದ ವಾಪಸು ಊರಿಗೆ ಬಂದ ಮೇಲೆ ಜಗುಲಿಯಲ್ಲಿ ಅವನ ಪಕ್ಕ ಕೂತಳು. ಏನಾದರೂ ಮಾತಾಡಬೇಕಲ್ಲ ಅಂತ ಕೇಳಿದಳು, "ಯಾವಾಗ ಹಾಕ್ತಾರೋ ವಿಷ?"

"ಬೆಳಿಗ್ಗೆ ಸಂಧ್ಯಾವಂದನೆ ಆದ್ಮೇಲೆ. ಸಾಯಂಕಾಲಾನೂ. ಚಮಚದಲ್ಲಿ."

"ಅದು ಲೇಹ್ಯ ಕಣೋ. ಚಿಕ್ಕೋನಿದ್ದಾಗಿಂದ ತಿಂತಾ ಇದೀಯಲ್ಲ."

"ಹೂಂ. ತಿಂದ್ಮೇಲೆ ಕಿವಿಯೊಳಗಿನೋರು ಜೋರಾಗಿ ಮಾತಾಡ್ತಾರೆ ಅಕ್ಕ. ಬೇಡ ಅಂದ್ರೆ ಅಮ್ಮ ಕೈ ಹಿಡ್ಕೋತಾಳೆ, ಅಪ್ಪ ಬಾಯಿಗೆ ಹಾಕ್ತಾರೆ."

ಎಷ್ಟೊಂದು ಜನ ಅವನನ್ನು ಪರೀಕ್ಷೆ ಮಾಡಿದ್ದರು, ಹರಕೆ ಹೊತ್ತಿದ್ದರು, ಜಾತಕ ನೋಡಿಸಿದ್ದರು. ಯಾವ ವಿಷವಪ್ಪಾ ಅಂತ ಒಬ್ಬರೂ ಕೇಳಿರಲಿಲ್ಲ, ಅವಳೂ ಕೇಳಿರಲಿಲ್ಲ.

ಲೇಹ್ಯದ ಭರಣಿ ದೇವರ ಮನೆಯ ಗೂಡಿನಲ್ಲಿತ್ತು. ಮಡಿಯುಟ್ಟವರನ್ನು ಬಿಟ್ಟು ಇನ್ಯಾರೂ ಅದನ್ನು ಮುಟ್ಟುವಂತಿಲ್ಲ. ಅದಕ್ಕೇ ಸೌಪರ್ಣಿಕಾ ಈ ಮನೆಯಲ್ಲೇ ಹುಟ್ಟಿ ಬೆಳೆದರೂ ಅದರ ಮುಚ್ಚಳ ತೆಗೆದು ನೋಡಿದವಳಲ್ಲ. ಈಗ ಬಸ್ಸಿನ ಧೂಳು ಮೆತ್ತಿದ ಚೂಡಿದಾರದಲ್ಲೇ ನೆಟ್ಟಗೆ ಒಳಗೆ ಹೋದಳು.

"ಅಯ್ಯಯ್ಯೋ, ಮೈಲಿಗೆ! ಬಸ್ಸಿನ ಬಟ್ಟೇಲಿ ದೇವರ ಮನೆಗೆ ಹೋಗ್ತೀಯಲ್ಲೇ!" ಅಂತ ಅಮ್ಮ ಸುಂದರಾಬಾಯಿ ಅಡಿಗೆ ಮನೆಯಿಂದ ಕೂಗಿಕೊಂಡರು.

ಹೋದಳು, ಮುಟ್ಟಿದಳು, ಮುಚ್ಚಳ ತೆಗೆದು ಮೂಸಿದಳು. ಮೇಲೆ ತುಪ್ಪ, ಬೆಲ್ಲ, ಏಲಕ್ಕಿ. ಅದರಡಿಯಲ್ಲಿ ಒಂದು ಹಸಿ ಘಾಟು. ಮಾಲೂರಿನಲ್ಲಿ ಶಾಲೆಯ ಕಾಂಪೌಂಡಿನ ಹಿಂದೆ ಹತ್ತನೇ ಕ್ಲಾಸಿನವರ ಜೇಬಿನಿಂದ ಪೊಟ್ಟಣ ಕಿತ್ತುಕೊಂಡಾಗ ಮೂಗಿಗೆ ಬಡಿದದ್ದು ಇದೇ ಘಾಟು. ಅವತ್ತು ಆ ಮಕ್ಕಳ ಅಪ್ಪಂದಿರನ್ನೆಲ್ಲ ಕರೆಸಿ ಚೆನ್ನಾಗಿ ಉಗಿದಿದ್ದಳು.

ನಾರಾಯಣಾಚಾರ್ಯರು ಬಾಗಿಲಿಗೆ ಬಂದು ನಿಂತರು.

"ಅಪ್ಪ, ಇದ್ರಲ್ಲಿ ಗಾಂಜಾ ಇದೆ."

ಅವರು ಬೆಚ್ಚಿ ಬೀಳುತ್ತಾರೆ, ಲೇಹ್ಯ ಮಾಡಿಕೊಟ್ಟ ವೈದ್ಯ ನಮಗೆ ಮೋಸ ಮಾಡಿದ ಅನ್ನುತ್ತಾರೆ ಅಂದುಕೊಂಡಿದ್ದಳು. ಅವರು ಬೆಚ್ಚಲಿಲ್ಲ.

"ಕಿರುಚಬೇಡ. ಅದು ಗಾಂಜಾ ಅಲ್ಲ, ಔಷಧಿ. ಶ್ರೀನಿವಾಸಪುರದ ಕಡೆ ಭೀಮರಾಜ್ ವೈದ್ಯರು ಆ ಸೊಪ್ಪನ್ನ ಹಾಲಲ್ಲಿ ಬೇಯಿಸಿ, ತುಪ್ಪದಲ್ಲಿ ಹುರಿದು ಶುದ್ಧಿ ಮಾಡಿ ಕೊಡ್ತಾರೆ. ಬಸ್‌ಸ್ಟ್ಯಾಂಡ್ ಹಿಂದೆ ಪೋಲಿಗಳು ಸೇದೋದೂ ಇದೂ ಒಂದೇನೇ?"

"ಅಂದ್ರೆ ನಿಮಗೆ ಗೊತ್ತಿತ್ತು."

"ಗೊತ್ತಿಲ್ದೆ ಮಗನಿಗೆ ಕೊಡ್ತೀನಾ?"

ಎಂಟು ವರ್ಷಕ್ಕೆ ಉಪನಯನ ಆದಾಗ ಶ್ರೀಕೃಷ್ಣ ಕೂತಲ್ಲಿ ಕೂರದ ಹುಡುಗ. ಮಂತ್ರ ಹೇಳಿಕೊಡುವಾಗ ಮಣೆಯಿಂದೆದ್ದು ಓಡುತ್ತಿದ್ದ. ಅಂಥ ವಯಸ್ಸಿನಲ್ಲಿ ಓಡದೆ ಇನ್ನು ಮುದುಕನಾದ ಮೇಲೆ ಓಡುತ್ತಾನಾ? ಆದರೆ ಆಚಾರ್ಯರಿಗೆ ಸ್ಥಿರವಾಗಿ ಕೂರುವ ಮಗ ಬೇಕಾಗಿತ್ತು. ಲೇಹ್ಯ ಬಂತು, ಹುಡುಗ ಕೂತ. ಬೀದಿಯೆಲ್ಲ ಹೊಗಳಿತು, ಮಗ ಅಂದರೆ ಹೀಗಿರಬೇಕು ಅಂತ. ಹತ್ತನೇ ಕ್ಲಾಸು, ಪಿಯುಸಿ, ಎಲ್ಲ ಅದೇ ಚಮಚದ ಮೇಲೆ ನಡೆಯಿತು. ಹತ್ತೊಂಬತ್ತಕ್ಕೆ ಅವನು ಅಲ್ಲಿಲ್ಲದವರಿಗೆ ಉತ್ತರ ಕೊಡಲು ಶುರುಮಾಡಿದಾಗ, ಮನಸ್ಸು ಚಂಚಲವಾಗಿದೆ ಅಂತ ಅರ್ಧ ಚಮಚವನ್ನು ಒಂದು ಮಾಡಿದರು. ಉರಿಯುವ ಬೆಂಕಿಗೆ ತುಪ್ಪ ಸುರಿಯುವುದು ಅಂತ ಗಾದೆಯಲ್ಲಿ ಹೇಳುತ್ತಾರೆ, ಈ ಮನೆಯಲ್ಲಿ ನಿಜವಾಗಲೂ ಸುರಿದರು.

"ಮನೇಲಿ ನಿಜ ಹೇಳ್ತಿದ್ದೋನು ಅವನೊಬ್ಬನೇ," ಅಂದಳು ಸೌಪರ್ಣಿಕಾ. "ಅವನಿಗೇ ಹುಚ್ಚ ಅಂತ ಹೆಸರಿಟ್ರಿ! ಅಮ್ಮಾ, ನೀನು ಕೈ ಹಿಡ್ಕೊಂಡೆಯಲ್ಲೇ, ನಿನ್ನ ಹೊಟ್ಟೇಲಿ ಹುಟ್ಟಿದೋನು ಬೇಡ ಬೇಡ ಅಂತಿದ್ರೆ!"

ಸುಂದರಾಬಾಯಿ ಸೆರಗು ಬಾಯಿಗೆ ಒತ್ತಿಕೊಂಡು ಗೋಡೆಗೆ ಒರಗಿದರು. ಮೈಲಿಗೆಯ ಮಾತು ಮತ್ತೆ ಎತ್ತಲಿಲ್ಲ.

ಮಾರನೇ ದಿನ ಸೌಪರ್ಣಿಕಾ ಭರಣಿಯನ್ನೂ ಅಪ್ಪನನ್ನೂ ಹೊರಡಿಸಿಕೊಂಡು ಮತ್ತೆ ಕೋಲಾರಕ್ಕೆ ಹೋದಳು. ಡಾಕ್ಟರು ಮೂಸಿ ನೋಡಿ ಭರಣಿಯನ್ನು ಮೇಜಿನ ಮೇಲಿಟ್ಟರು. ಅವರಿಗೂ ಸಿಟ್ಟು ಬಂದಿತ್ತು, ಆದರೆ ತೋರಿಸಲಿಲ್ಲ.

"ಕಾಯಿಲೆ ಇದೊಂದರಿಂದಲೇ ಬಂತು ಅಂತ ನಾನು ಹೇಳಲ್ಲ. ವಂಶದಲ್ಲಿ ಇರಬಹುದು, ಹುಟ್ಟೋ ಮುಂಚಿನ ತೊಂದರೆ ಇರಬಹುದು, ಎಷ್ಟೋ ಕಾರಣ ಸೇರಿ ಬರೋ ಕಾಯಿಲೆ ಇದು. ಗಾಂಜಾ ಹೊಟ್ಟೆಗೆ ಹೋದವರಿಗೆಲ್ಲ ಬರೋದೂ ಇಲ್ಲ. ಆದ್ರೆ ಮೆದುಳು ಬೆಳೆದು ಮುಗಿಯೋಕೆ ಇಪ್ಪತ್ತೈದು ವರ್ಷ ಬೇಕು ಸ್ವಾಮಿ. ಹುಡುಗರ ವಯಸ್ಸಲ್ಲಿ ಯಾವ ಎಳೆ ಉಳಿಸ್ಕೋಬೇಕು, ಯಾವುದು ಬಿಡಬೇಕು ಅಂತ ಅದು ತನ್ನ ಪಾಡಿಗೆ ತಾನು ಹೊಂದಿಸ್ತಾ ಇರುತ್ತೆ. ಅದರ ಮಧ್ಯೆ ನೀವು ದಿನಾ ಕೈ ಹಾಕಿದ್ರಿ. ಬರೋ ಅಪಾಯ ಜಾಸ್ತಿ ಮಾಡಿದ್ರಿ. ಬಂದ ಮೇಲೂ ಬಿಡಲಿಲ್ಲ, ನನ್ನ ಮಾತ್ರೆ ಕೆಲಸ ಮಾಡೋಕೂ ಬಿಡಲಿಲ್ಲ."

"ಕೊಡದೇ ಇದ್ದಿದ್ರೆ ಹುಡುಗ ಚೆನ್ನಾಗಿರ್ತಿದ್ದನಾ?" ಆಚಾರ್ಯರ ದನಿ ಇಳಿದಿತ್ತು.

"ಅದನ್ನ ಯಾರೂ ಹೇಳೋಕಾಗಲ್ಲ. ಇನ್ನು ಮೇಲೆ ನಿಲ್ಲಿಸಿ. ನಿಲ್ಲಿಸಿದ್ರೆ ಸುಧಾರಿಸೋ ಸಾಧ್ಯತೆ ಇದೆ."

ಹೌದು, ಖಂಡಿತ ಚೆನ್ನಾಗಿರುತ್ತಿದ್ದ, ನೀವೇ ಹಾಳು ಮಾಡಿದಿರಿ ಅಂತ ಡಾಕ್ಟರು ಹೇಳಲಿ ಅಂತ ಸೌಪರ್ಣಿಕಾ ಹಲ್ಲು ಕಚ್ಚಿಕೊಂಡು ಕಾದಿದ್ದಳು. ಅವರು ಹೇಳಲಿಲ್ಲ. ಸಿಟ್ಟು ಎಲ್ಲಿಡಬೇಕೋ ತಿಳಿಯದೆ ಅವಳು ಕಿಟಕಿಯ ಕಡೆ ತಿರುಗಿದಳು.

"ಇನ್ನೊಂದು ಮಾತು," ಅಂದರು ಡಾಕ್ಟರು. "ಇದನ್ನ ಬೇರೆ ಮಕ್ಕಳಿಗೂ ಯಾರಾದ್ರೂ ಕೊಡ್ತಾ ಇದ್ದಾರಾ?"

ಆಚಾರ್ಯರು ಶಲ್ಯ ಸರಿ ಮಾಡಿಕೊಂಡರು. ಸೌಪರ್ಣಿಕಾ ಅಪ್ಪನ ಮುಖ ನೋಡಿದಳು. ಭಾನುವಾರ ಬೀದಿಯ ಮಕ್ಕಳೆಲ್ಲ ಶ್ಲೋಕ ಕಲಿಯಲು ಮನೆಗೆ ಬರುತ್ತಾರೆ. ಒಂದಿಷ್ಟೂ ಗಲಾಟೆ ಮಾಡದ ಮಕ್ಕಳು.

"ಯಾರ್ಯಾರಿಗೆ ಅಪ್ಪ?"

"ಅವರಮ್ಮಂದಿರೇ ಕೇಳಿದ್ರು. ಶ್ರೀನಿವಾಸಪುರಕ್ಕೆ ಹೋದಾಗ ತಂದುಕೊಡ್ತಿದ್ದೆ. ಒಳ್ಳೇದಾಗ್ಲಿ ಅಂತ ತಾನೇ?"

ಒಳ್ಳೆಯದಂತೆ! ಮನೆಗೆ ಮಾರಿ, ಊರಿಗೆ ಉಪಕಾರಿ ಅನ್ನುತ್ತಾರೆ. ಇವರು ಎರಡೂ ಕಡೆ ಮಾರಿಯೇ ಆಗಿದ್ದರು. ಬಸ್ಸಿನಲ್ಲಿ ಅವಳು ಅಪ್ಪನ ಪಕ್ಕ ಕೂರಲಿಲ್ಲ. ಮುಳಬಾಗಿಲಲ್ಲಿ ಇಳಿದ ಮೇಲೆ ಎದುರು ನಿಂತು ಹೇಳಿದಳು.

"ಆ ವೈದ್ಯನ ಮೇಲೆ ನಾಳೆ ಕಂಪ್ಲೇಂಟ್ ಕೊಡ್ತೀನಿ. ಅದಕ್ಕೂ ಮುಂಚೆ ಇವತ್ತು ನೀವು ಎಲ್ಲೆಲ್ಲಿ ಕೊಟ್ಟಿದ್ದೀರೋ ಆ ಮನೆಗಳಿಗೆಲ್ಲ ಹೋಗಿ ಹೇಳಬೇಕು."

"ಮಾನ ಹೋಗುತ್ತೆ ಕಣಮ್ಮಾ. ಬೀದೀಲಿ ತಲೆ ಎತ್ತೋ ಹಾಗಿರಲ್ಲ. ಇನ್ಮೇಲೆ ಸಿಗಲ್ಲ ಅಂದ್ಬಿಟ್ರೆ ತಾನಾಗೇ ನಿಂತುಹೋಗುತ್ತೆ."

"ನಿಮ್ಮಿಂದ ಸಿಗದಿದ್ರೆ ಅವರೇ ಹೋಗಿ ತರ್ತಾರೆ. ನೀವು ಹೇಳ್ತೀರೋ, ಇಲ್ಲಾ ನಾನು ಬೀದಿ ಮಧ್ಯೆ ನಿಂತು ಕೂಗಲೋ?"

ಮೊದಲು ಸಿಕ್ಕಿದ್ದು ಅನಿತಳ ಮನೆ. ಗಂಡ ಹೆಂಡತಿ ಇಬ್ಬರೂ ದುಡಿಯುವವರು, ಒಬ್ಬಳೇ ಮಗಳು, ಮೂರನೇ ಕ್ಲಾಸು. ಬಾಗಿಲು ತೆರೆದ ಅನಿತಳ ಮುಖ ಅರಳಿತು.

"ಬನ್ನಿ ಆಚಾರ್ರೇ! ಲೇಹ್ಯ ಇನ್ನೂ ಇದೆ. ನಿಮ್ಮ ಪುಣ್ಯ, ಎಷ್ಟು ಸುಮ್ಮನಾಗಿದಾಳೆ ನೋಡಿ. ಮೊದಲೆಲ್ಲ ಮನೆ ತಲೆ ಮೇಲೆ ಹೊತ್ಕೊಂಡು ಕುಣೀತಿದ್ಲು."

ಒಳಗೆ ಹುಡುಗಿ ಚಾಪೆಯ ಮೇಲೆ ಪುಸ್ತಕ ಬಿಚ್ಚಿಕೊಂಡು ಕೂತಿದ್ದಳು. ಬಂದವರು ಯಾರು ಅಂತಲೂ ತಿರುಗಿ ನೋಡಲಿಲ್ಲ.

"ಹಾಗೇ ಬಂದೆ ತಾಯಿ, ಹೇಗಿದ್ದೀರಿ ಅಂತ," ಅಂದರು ಆಚಾರ್ಯರು.

ಸೌಪರ್ಣಿಕಾ ಅವರ ಬೆನ್ನ ಹಿಂದೆಯೇ ನಿಂತಿದ್ದಳು. "ಅಪ್ಪಾ," ಅಂದಳು, ಅಷ್ಟೇ.

ಅವರು ಬಾಗಿಲ ಚೌಕಟ್ಟು ಹಿಡಿದುಕೊಂಡರು. "ಅದನ್ನ ಇನ್ನು ಕೊಡಬೇಡಮ್ಮ. ಅದ್ರಲ್ಲಿ ಗಾಂಜಾ ಸೊಪ್ಪು ಇದೆ. ನನ್ನ ಮಗನಿಗೆ ಚಿಕ್ಕಂದಿನಿಂದ ಕೊಟ್ಟೆ. ಅವನು ಹೇಗಿದಾನೆ ಅಂತ ನಿನಗೆ ಗೊತ್ತು."

ಅನಿತ ಮೊದಲು ನಕ್ಕಳು. ಆಮೇಲೆ ಓಡಿಹೋಗಿ ಮಗಳನ್ನು ಬಾಚಿ ಎತ್ತಿಕೊಂಡು ಬಂದಳು. ಎತ್ತಿಕೊಳ್ಳುವ ವಯಸ್ಸು ದಾಟಿದ ಹುಡುಗಿ, ಕಾಲುಗಳು ಕೆಳಗೆ ಜೋತಾಡುತ್ತಿದ್ದವು.

"ಗೊತ್ತಿದ್ದೂ ತಂದುಕೊಟ್ರಾ?"

"ಗೊತ್ತಿತ್ತು."

"ನನ್ನ ಮಗಳಿಗೂ ಹಾಗಾಗುತ್ತಾ ಆಚಾರ್ರೇ?"

ಆಚಾರ್ಯರು ಮೆಲ್ಲಗೆ ಸೌಪರ್ಣಿಕಾಳ ಕಡೆ ತಿರುಗಿದರು. ಓದಿದವಳು, ವಿಜ್ಞಾನದವಳು, ಹಾಗೇನೂ ಆಗಲ್ಲ ಬಿಡಿ ಅಂತ ಒಂದು ಮಾತು ಹೇಳಿ ಈ ಹೊಸಿಲಿನಿಂದ ತಮ್ಮನ್ನು ಇಳಿಸಿಕೊಂಡು ಹೋಗಲಿ ಅಂತ ಅವರ ಕಣ್ಣು ಬೇಡುತ್ತಿತ್ತು.

"ನನ್ನನ್ನೇನು ನೋಡ್ತೀರಿ?" ಅಂದಳು ಸೌಪರ್ಣಿಕಾ. "ಅವರು ಕೇಳ್ತಿರೋದು ನಿಮ್ಮನ್ನ. ಹೇಳಿ."