ಬೆಲ್ಲಕ್ಕ ಬಗ್ಗದ ಕುದರಿ

ಸದಲಗಾದ ಧೂಳಪ್ಪನ ಹತ್ರ ಒಂದು ಬಿಳಿ ಕುದರಿ ಇತ್ತು, ಅದಕ್ಕಿಂತ ದೊಡ್ಡದೊಂದು ಜಂಭಾನೂ ಇತ್ತು. ಲಗ್ನದ ಮೆರವಣಿಗಿಗೆ ಕುದರಿ ಬಾಡಿಗಿ ಕೊಡೂದು ಅವನ ದಂಧೆ. ಮದಮಗ ಬಂದು ನಿಂತ್ರ ಕುದರಿ ಮುಂದಿನ ಎರಡೂ ಮಣಕಾಲ ಊರತಿತ್ತು, ಎಂಥಾ ಡೊಳ್ಳುಹೊಟ್ಟಿಯಾವನೂ ಸಲೀಸ ಹತ್ತತಿದ್ದ. ಹೆಂಡತಿ ಶೇವಂತಾ ಬೆಲ್ಲದ ತುಂಡು ಕೊಟ್ಟು ಕೊಟ್ಟು ಕಲಿಸಿದ ವಿದ್ಯಾ ಅದು. ಈ ಮಹಾಶಯ ಮಾತ್ರ ನಾನ ಕಲಿಸೇನಿ ಅಂತ ಊರ ತುಂಬ ಹೇಳ್ಕೋತ ತಿರಗತಿದ್ದ.

ಏಕಸಂಬಿಯ ದೊಡ್ಡ ಕುಳ ಭೀಮಸಿ, ಮಗ ಸುರಜನ ಲಗ್ನಕ್ಕ ಈ ಕುದರೀನ ಬೇಕಂದ. ಸುರಜನ ಗಾತ್ರ ಹಂಗಿತ್ತು.

"ನಾಕ ಮಂದ್ಯಾಗ ನನ್ನ ಮರ್ಯಾದಿ ಉಳಿಸಿದ್ರ ನಮ್ಮ ಬೀಗರ ಲಗ್ನ ಎಲ್ಲಾ ನಿನಗ. ಕಳದ್ರ ಈ ಭಾಗದಾಗ ನಿನ್ನ ಕುದರಿ ಯಾರೂ ಕರ್ಯಾಂಗಿಲ್ಲ ನೋಡು" ಅಂದು, ಕುದರಿಗಂತ ದಿನಾ ಒಂದು ಡಬ್ಬಿ ಪೇಢೆ ಕಳಸಾಕತ್ತಿದ. ದೊಡ್ಡ ಮಂದಿ ದೌಲತ್ತು! ಪೇಢೆ ರುಚಿ ಹತ್ತಿದ್ದ ತಡ, ಧೂಳಪ್ಪ ಕೈ ಎತ್ತೂದ್ರೊಳಗ ಕುದರಿ ಮಣಕಾಲ ಊರಿರತಿತ್ತು.

ಲಗ್ನದ ಮುಂಜಾನೆ ಕೇಸರಿ ಪೇಢೆ ಬಂತು. ಧೂಳಪ್ಪನ ಬಾಯಾಗ ನೀರು. "ಮೂಕಪ್ರಾಣಿಗೆ ಏನ್ ತಿಳೀತೈತಿ? ಸಿಹಿ ಅಂದ್ರ ಸಿಹಿ, ಬೆಲ್ಲ ಸಾಕು" ಅಂತ ಡಬ್ಬಿ ಪೂರಾ ತಾನ ಖಾಲಿ ಮಾಡಿದ.

"ಮೊದಲ ಬೆಲ್ಲಕ್ಕ ಊರತಿತ್ತು, ಖರೆ. ಪೇಢೆ ತಿಂದಮ್ಯಾಗ ಬೆಲ್ಲ ಕೊಟ್ರ ಅದಕ್ಕ ಸಿಟ್ಟ ಬರತೈತ್ರಿ" ಅಂದ್ಲು ಶೇವಂತಾ.

"ಕಲತದ್ದು ಎಲ್ಲಿ ಹೊಕ್ಕೈತಿ? ಸುಮ್ನಿರು."

ಬ್ಯಾಂಡ್ ನಿಂತು, ಸುರಜ ಬಾಸಿಂಗ ಕಟ್ಕೊಂಡು ಬಂದ. ಮಂದಿ ಮೊಬೈಲ್ ಎತ್ತಿ ಹಿಡದ್ರು. ಧೂಳಪ್ಪ ಬೆಲ್ಲ ಚಾಚಿದ. ಕುದರಿ ಮೂಸಿ ನೋಡಿ ಮಾರಿ ತಿರವಿತು. ಮತ್ತ ಚಾಚಿದ, ಬೈದ, ರಮಿಸಿದ. ಊಹೂಂ. ಕಡೀಕ ಕುದರಿಗೆ ಏನೋ ವಾಸನಿ ಬಡೀತು, ಮುಂದ ಬಂದು ಧೂಳಪ್ಪನ ಮೀಸಿ ನೆಕ್ಕಾಕತ್ತಿತು.

ಭೀಮಸಿ ಆ ಮೀಸಿ ದಿಟ್ಟಿಸಿ ನೋಡಿದ. ಅದರಾಗ ಹಳದಿ ಪುಡಿ ಇನ್ನೂ ಇತ್ತು.

"ಪೇಢೆ ತಿಂದಾವ ನೀನು. ಮಣಕಾಲನೂ ನೀನ ಊರಬೇಕಲ್ಲೋ ಧೂಳಪ್ಪ" ಅಂದ, ಭಾಳ ಮೆತ್ತಗ.

ಧೂಳಪ್ಪನ ಕಿವಿ ನಾಚಿಕಿಂದ ಕಾದು ಕೆಂಪಾದ್ವು. ಆದ್ರ ಮುಂದಿನ ಲಗ್ನಗೋಳು ಕೈಬಿಟ್ಟು ಹೊಂಟಾವಂದ್ರ ನಾಚಿಕಿ ಏನ್ ಹೊಟ್ಟಿ ತುಂಬಸತೈತೇನು? ಕುದರಿ ಬಗಲಾಗ ಎರಡೂ ಕೈ, ಎರಡೂ ಮಣಕಾಲ ಊರಿದ. ಸುರಜ ಅವನ ಬೆನ್ನ ಮ್ಯಾಲ ಬೂಟಗಾಲ ಇಟ್ಟು ಸಲೀಸ ಕುದರಿ ಹತ್ತಿದ.

"ಭೇಷ್" ಅಂದ ಭೀಮಸಿ. "ಇದಂತೂ ಬೆಲ್ಲಾನೂ ಕೇಳಲಿಲ್ಲ."