ಯಾವ ಬೂದು

"ನೋಡಿ ಯಜಮಾನ್ರೇ, ನಿಮ್ಮ ಕೈಚಳಕ ಈಗ ಬೀದಿಗೆಲ್ಲಾ ಕಾಣ್ತಿದೆ," ಎನ್ನುತ್ತ ನಿವೃತ್ತ ಮೇಷ್ಟರು ತಮ್ಮ ಬೂದು ಕೋಟನ್ನು ರಫೂ ಅಂಗಡಿಯ ಮೇಜಿನ ಮೇಲೆ ಹರಡಿದರು. "ಮಳೆಗಾಲದಲ್ಲಿ ಯಾರಿಗೂ ಗೊತ್ತಾಗ್ಲಿಲ್ಲ. ಈಗ ನಮ್ಮನೆಯವಳು ಅಡುಗೆಮನೆಯಿಂದಾನೇ ಬೆರಳು ತೋರಿಸ್ತಾಳೆ."

ಅಂಗಡಿಯ ಯಜಮಾನರಾದ ಮಾವ ಕೋಟನ್ನು ಕಿಟಕಿಗೆ ಒಡ್ಡಿದರು. ಸೊಸೆ ಸೂಜಿ ನಿಲ್ಲಿಸಿ ನೋಡಿದಳು. ತೋಳಿನ ಮೇಲೆ, ಹರಿದಿದ್ದನ್ನು ಅವಳೇ ಎಳೆಗೆ ಎಳೆ ಹೆಣೆದು ಮುಚ್ಚಿದ್ದ ಜಾಗದಲ್ಲಿ, ಒಂದು ನೀಲಿ ಛಾಯೆ ನೀರೊಳಗಿನ ಮೀನಿನಂತೆ ನಿಶ್ಚಲವಾಗಿ ನಿಂತಿತ್ತು.

ಬೇಸಿಗೆಯಲ್ಲಿ ಹೊಸ್ತಿಲಲ್ಲೇ ನಿಂತು ಹಿಂದಿರುಗುವ ಬಿಸಿಲು, ಈ ಚಳಿಗಾಲದಲ್ಲಿ ಎದುರಿನ ಎರಡು ಕಟ್ಟಡಗಳ ಸಂದಿಯಿಂದ ಓರೆಯಾಗಿ ಒಳಬಂದು ದಾರದ ಕಪಾಟಿನವರೆಗೂ ನಡೆದಿತ್ತು. ಯಾವಾಗ ಬಂತು? ನಿನ್ನೆಯೂ ಇತ್ತೇ? ಗಂಡ ಹೋದ ಮೇಲಿನ ಹನ್ನೊಂದು ತಿಂಗಳಲ್ಲಿ ಅವಳು ಗಡಿಯಾರ ನೋಡಿದ್ದಳು, ಬಿಸಿಲು ನೋಡಿರಲಿಲ್ಲ.

ದಾರ ಆರಿಸುವುದು ಮಾವನ ಕೆಲಸ. ದೀಪದ ಕೆಳಗೆ ಆರಿಸಕೂಡದು, ಕಿಟಕಿಯ ಬೆಳಕೇ ಆಗಬೇಕು. ಅದು ಅವರ ಕಟ್ಟಳೆ. ಹೆಣೆಯುವುದು ಮಗನದಾಗಿತ್ತು, ಅವನ ನಂತರ ಅವಳದು. ಕೊಟ್ಟ ದಾರ ನೀಲಿಯೆಂದು ಅಂದೇ ಅನಿಸಿತ್ತೇ? ನೆನಪಾಗಲಿಲ್ಲ. ಕೈ ಹೆಣೆದಿತ್ತು, ಅಷ್ಟೇ.

"ಬೆಳಕಿನ ತಪ್ಪು ಮಾವ," ಎಂದಳು. "ಮೋಡದ ದಿನ ಆರಿಸಿದ್ದು. ಈಗ ಸೂರ್ಯ ಪಕ್ಕಕ್ಕೆ ಸರಿದಿದ್ದಾನೆ."

"ನಲವತ್ತು ವರ್ಷದಿಂದ ಸರೀತಾನೇ ಇದ್ದಾನೆ. ನನ್ನ ದಾರ ಒಂದಿನಾನೂ ಸರಿದಿರ್ಲಿಲ್ಲ."

ಮೇಷ್ಟರಿಗೆ ಕಸಿವಿಸಿಯಾಯಿತು. "ಹೋಗ್ಲಿ ಬಿಡಿ. ಕೋಟಿಗೂ ವಯಸ್ಸಾಯ್ತು, ನನಗೂ ಆಯ್ತು."

"ನಿಮಗಾಗಿರೋದನ್ನ ಮುಚ್ಚೋ ದಾರ ನಮ್ಮಲ್ಲಿಲ್ಲ ಮೇಷ್ಟ್ರೇ. ಕೋಟು ಬಿಟ್ಟು ಹೋಗಿ, ನಾಳೆ ಬನ್ನಿ," ಎಂದರು ಮಾವ.

ಮೇಷ್ಟರು ನಗುತ್ತ ಮೆಟ್ಟಿಲಿಳಿದರು. ಮಾವನ ಮುಖದಲ್ಲಿ ನಗು ಉಳಿಯಲಿಲ್ಲ. ಕಪಾಟಿನಿಂದ ಎರಡು ರೀಲು ತೆಗೆದು ಕಣ್ಣ ಬಳಿ ಹಿಡಿದರು, ದೂರ ಹಿಡಿದರು, ಮತ್ತೆ ಹತ್ತಿರ.

"ಎರಡೂ ಒಂದೇ ಥರ ಕಾಣ್ತಿದೆಯಮ್ಮಾ," ಎಂದರು ಮೆಲ್ಲಗೆ. "ಇನ್ಮೇಲೆ ನೀನೇ ಆರಿಸು. ಆಗಲ್ಲ ಅಂದ್ರೆ ಹೇಳು, ಬಾಗಿಲು ಹಾಕಿಬಿಡೋಣ."

"ನನ್ ಕೈಲಾಗಲ್ಲ ಮಾವ. ನನಗೆ..." ಅವಳು ತಡವರಿಸಿದಳು. "ನನಗೆ ಎಲ್ಲಾ ಬೂದಾಗೇ ಕಾಣತ್ತೆ."

ಮಾವ ಎರಡೂ ರೀಲುಗಳನ್ನು ಕಪಾಟಿನಲ್ಲಿ ಮರಳಿ ಇಟ್ಟರು.

"ಕೋಟೂ ಬೂದೇ ತಾನೆ? ಯಾವ ಬೂದು ಅಂತ ಹೇಳು, ಸಾಕು."

ಅವಳು ಎದ್ದಳು. ಕಪಾಟಿನ ಮುಂದೆ ಬಿಸಿಲು ಅವಳ ಮೊಣಕೈಯವರೆಗೆ ಏರಿತು. ಒಂದು ರೀಲಿನಲ್ಲಿ ಪಾರಿವಾಳದ ಕೊರಳಿನ ಹಸಿರು ಅಡಗಿತ್ತು. ಇನ್ನೊಂದು ಒದ್ದೆ ಕಲ್ಲು. ಮತ್ತೊಂದರ ಒಳಗೆಲ್ಲೋ ತುಸು ಕೆಂಪು, ಆರುತ್ತಿರುವ ಕೆಂಡದಷ್ಟು. ಅವಳು ಒಂದನ್ನೂ ಬಿಡದೆ ನೋಡಿದಳು. ಮಾವ ಅವಸರ ಮಾಡಲಿಲ್ಲ.

ಕೊನೆಗೆ ಒಂದರಿಂದ ಗೇಣುದ್ದ ಎಳೆ ಕತ್ತರಿಸಿ, ಕಿಟಕಿಯ ಬಳಿ, ಕೋಟಿನ ತೋಳಿನ ಮೇಲೆ ಮಲಗಿಸಿದಳು.

"ಹೊಂದ್ತೇನಮ್ಮಾ?"

ಅವಳು ಬಿಸಿಲು ತುಂಬಿದ ತೋಳಿನ ಮೇಲೆ ಬೆರಳ ತುದಿಯಾಡಿಸುತ್ತ, ಈಗಷ್ಟೇ ಇಟ್ಟ ದಾರ ಎಲ್ಲಿದೆಯೆಂದು ಹುಡುಕುತ್ತಿದ್ದಳು.