ರುಬೀನಾಳ ಕವರ್ ಲೆಟರ್

ನಾನು ಒಂದು ಕವರ್ ಲೆಟರ್. ನೌಕರಿಯ ಅರ್ಜಿಯ ಮೇಲೆ ಕುಳಿತು, ಅರ್ಜಿ ಹಾಕಿದವರ ಗುಣಗಾನ ಮಾಡುವುದು ನನ್ನ ಕೆಲಸ. ಹುಟ್ಟಿದ್ದು ಧಾರವಾಡದ ಕಾಲೇಜೊಂದರ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ. ಪ್ರಿಂಟರಿನಿಂದ ಬಿಸಿಬಿಸಿಯಾಗಿ ಹೊರಬಿದ್ದಾಗಲೇ ನನಗೆ ನಡುಕ, ಏಕೆಂದರೆ ಮೈಮೇಲಿದ್ದ ಮಾತು ಯಾರದೋ. ಅಂಗಡಿಯ ಈರಣ್ಣನ ಕಂಪ್ಯೂಟರಿನಲ್ಲಿ ಇದ್ದದ್ದೇ ಒಂದು ಇಂಗ್ಲಿಷ್ ಪತ್ರ. ಯಾರೇ ಬರಲಿ, ಹೆಸರು ಬದಲಿಸಿ ಅದನ್ನೇ ಕೊಡುತ್ತಿದ್ದ.

"ಇದ ಪತ್ರದಿಂದ ಎಷ್ಟ ಮಂದಿಗೆ ನೌಕರಿ ಸಿಕ್ಕೈತಿ ಗೊತ್ತೈತೇನ್ ತಂಗಿ? ಕಣ್ಣು ಮುಚ್ಚಿ ಕೊಡು," ಎಂದ.

ರುಬೀನಾ ನದಾಫ್ ಕಣ್ಣು ಮುಚ್ಚಿಯೇ ಕೊಟ್ಟಳು. ಬಿ.ಎಸ್ಸಿ. ಕೊನೆಯ ವರ್ಷದ ಪರೀಕ್ಷೆ ಮುಗಿಸಿದ್ದ ಹುಡುಗಿ. ಅಪ್ಪನದು ಗಾದಿ ಅಂಗಡಿ. ಅರಳೆಯ ದೂಳು ಕುಡಿದು ಅಪ್ಪನಿಗೆ ಹತ್ತಿದ ಕೆಮ್ಮು ಈಗ ಅವಳಿಗೂ ಶುರುವಾಗಿತ್ತು. ಹಾಲಿನ ಡೇರಿಯ ಪ್ರಯೋಗಾಲಯದಲ್ಲಿ ಒಂದೇ ಒಂದು ಕೆಲಸ ಖಾಲಿ ಇತ್ತು. ಅದು ತಪ್ಪಿದರೆ ಮತ್ತೆ ಅರಳೆಯೇ ಗತಿ.

ಸಂದರ್ಶನದ ದಿನ ಡೇರಿಯಲ್ಲಿ ಪ್ರಯೋಗಾಲಯದ ಮುಖ್ಯಸ್ಥೆ ಹೊಸಮನಿ ಮೇಡಂ ರುಬೀನಾಳನ್ನು ಎದುರಿಗೆ ಕೂರಿಸಿಕೊಂಡು ನನ್ನನ್ನು ಮೇಜಿನ ಮೇಲೆ ಹರಡಿ, ಬೆರಳಿಟ್ಟು ಓದತೊಡಗಿದರು. ಬೆರಳು ಮೂರನೇ ಸಾಲಿಗೆ ಬಂದಾಗ ನನ್ನ ಜೀವ ಬಾಯಿಗೆ ಬಂತು.

"ಎನ್‌ಸಿಸಿ ಒಳಗ ಎರಡ ವರ್ಷ ಲೀಡರ್ ಇದ್ದೆ ಅಂತ ಬರ್ದೀರಿ. ಯಾವ ಕ್ಯಾಂಪಿಗೆ ಹೋಗಿದ್ರಿ?"

ರುಬೀನಾಳ ಮುಖ ಬಿಳಿಚಿತು. ಸುಳ್ಳು ಹೇಳಿಬಿಡು ತಾಯಿ, ಯಾವುದೋ ಒಂದು ಊರಿನ ಹೆಸರು ಹೇಳು ಎಂದು ನಾನು ಒಳಗೊಳಗೇ ಬೇಡಿಕೊಂಡೆ. ಹರಿದು ಬುಟ್ಟಿಗೆ ಬೀಳುವುದು ನಾನಲ್ಲವೇ! ನನ್ನ ಹೆದರಿಕೆ ನನಗೆ.

"ಹೋಗಿಲ್ರಿ ಮೇಡಂ. ಅದು ನಂದಲ್ಲ. ಜೆರಾಕ್ಸ್ ಅಂಗಡ್ಯಾಗ ಎಲ್ಲಾರ್ಗೂ ಅದನ್ನ ಕೊಡ್ತಾರ. ನಾ ಪೂರ್ತಿ ಓದ್ಲಿಲ್ರಿ."

ಮೇಡಂ ನನ್ನನ್ನು ಎತ್ತಿದರು. ಮುಗಿಯಿತು ನನ್ನ ಕಥೆ ಎಂದುಕೊಂಡೆ. ಅವರು ಹರಿಯಲಿಲ್ಲ, ಮಗುಚಿ ಹಾಕಿ ಪೆನ್ನು ಮುಂದಿಟ್ಟರು.

"ಹಿಂದ ನಿಮ್ದ ಬರೀರಿ. ಕನ್ನಡದಾಗ ಬರದ್ರೂ ನಡೀತೈತಿ."

ಅವಳ ಕೈಬೆವರಿಗೆ ನನ್ನ ಅಂಚು ಒದ್ದೆಯಾಯಿತು. ಪೆನ್ನು ಹಿಡಿದು ಬರೆದಳು: "ಕಾಲೇಜಿನ ಪ್ರಯೋಗದಲ್ಲಿ ಎಲ್ಲರೂ ಸರಿಯುತ್ತರ ಮೊದಲೇ ಕೇಳಿಕೊಂಡು ರೀಡಿಂಗ್ ಹೊಂದಿಸುತ್ತಾರೆ. ನಾನು ಅಳತೆಯಲ್ಲಿ ಬಂದದ್ದನ್ನೇ ಬರೆದೆ. ಆರು ಅಂಕ ಹೋದವು. ಈ ಪತ್ರದಲ್ಲಿ ಮಾತ್ರ ಹೆದರಿ ಎಲ್ಲರಂತೆ ಮಾಡಿದೆ."

ಮೇಡಂ ಎರಡು ಸಲ ಓದಿದರು.

"ಇಲ್ಲಿ ಬರೋದು ಮಕ್ಕಳು ಕುಡಿಯೋ ಹಾಲು. ರೀಡಿಂಗ್ ಹೊಂದಿಸೋರನ್ನ ಕಂಡ್ರ ನಂಗ ಅಂಜಿಕಿ. ಸೋಮವಾರದಿಂದ ಬರ್ರಿ."

ಈಗ ನಾನು ಡೇರಿಯ ಬೀರುವಿನಲ್ಲಿ, ಅವಳ ಫೈಲಿನೊಳಗೆ ಹಳದಿಯಾಗುತ್ತಿದ್ದೇನೆ. ಅಚ್ಚಾದ ಮುಖ ಕೆಳಕ್ಕೆ, ಅವಳು ಬರೆದ ಬೆನ್ನು ಮೇಲಕ್ಕೆ. ಬೀರುವಿನ ಬಾಗಿಲು ಕಿರ್ರೆಂದಾಗಲೆಲ್ಲ ಇಂದಿಗೂ ಎದೆ ಡವಗುಟ್ಟುತ್ತದೆ. ಹರಿಯುತ್ತಾರೆಂಬ ಭಯ ಎಂದೋ ಹೋಯಿತು. ಆದರೆ ಅಂದು ಸುಳ್ಳು ಹೇಳು ಎಂದು ಬೇಡಿಕೊಂಡದ್ದು ನಾನೇ. ಅವಳು ಕೇಳಿಸಿಕೊಳ್ಳಲಿಲ್ಲ, ಬದುಕಿಕೊಂಡಳು. ಕೇಳಿಸಿಕೊಂಡಿದ್ದರೆ ಎಂದು ನೆನೆದು ನಾನು ಈಗಲೂ ನಡುಗುತ್ತೇನೆ.